ಬೀದಿಗೆಲ್ಲ ಒಂದೇ ಬಾಣಂತಿ

ಯಳಂದೂರಿನಲ್ಲಿ ಈಗ ಮನೆಯಲ್ಲಿ ಹೆರುವವರು ಯಾರಿದ್ದಾರೆ? ನೋವು ಕಾಣಿಸಿಕೊಂಡರೆ 108ಕ್ಕೆ ಫೋನು, ಗಾಡಿ ಬಂದರೆ ಸರ್ಕಾರಿ ಆಸ್ಪತ್ರೆ, ಅಲ್ಲಿ ಕಷ್ಟ ಅಂದರೆ ಚಾಮರಾಜನಗರ, ಅದಕ್ಕೂ ಮೀರಿದರೆ ಮೈಸೂರಿನ ಚೆಲುವಾಂಬ. ತಾಯಿ ಮಕ್ಕಳಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಒಪ್ಪಿದೆ. ಆದರೆ ಇದರಿಂದ ಪೂರ್ತಿ ಕೆಲಸ ಕಳೆದುಕೊಂಡವರು ನಮ್ಮ ಬೀದಿಯ ಹಿರೀ ಹೆಂಗಸರು. ಬಾಣಂತಿಗೆ ಯಾವ ಹೊತ್ತಿನಲ್ಲಿ ನೀರು ಹಾಕಬೇಕು, ಎಷ್ಟು ಖಾರ ಕೊಡಬೇಕು, ಕಿವಿಗೆ ಹತ್ತಿ ಇಡದಿದ್ದರೆ ಮುಪ್ಪಿನಲ್ಲಿ ಏನಾಗುತ್ತದೆ, ಎಲ್ಲವನ್ನೂ ಮೂಟೆ ಕಟ್ಟಿ ತಲೆಯಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಾರೆ. ಸೊಸೆಯಂದಿರೋ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು ಬಿಟ್ಟು ಬೇರೆ ಕೇಳರು. ಇಂಥ ಬರಗಾಲದಲ್ಲಿ ನಮ್ಮ ಮನೆಯ ಬೆಕ್ಕು ಚುಕ್ಕಿ ಬಸುರಾದಳು. ಬೀದಿಗೆಲ್ಲ ಸಿಕ್ಕವಳು ಅವಳೊಬ್ಬಳೇ.

ಮೊದಲು ಕಂಡುಹಿಡಿದವರು ಬೇಲಿಯಾಚೆಯ ದೊಡ್ಡವ್ವ. ನಮ್ಮ ಎರಡು ಹಿತ್ತಿಲುಗಳ ನಡುವೆ ಇರುವುದು ಹೆಸರಿಗೆ ಬೇಲಿ. ಒಂದಷ್ಟು ದಾಸವಾಳ, ಒಂದಷ್ಟು ಮುಳ್ಳು, ಮಧ್ಯೆ ದೊಡ್ಡವ್ವನ ಮುಖ ಹಿಡಿಸುವಷ್ಟು ಕಂಡಿ. ಆ ಕಂಡಿಯಿಂದ ಈ ಕಡೆಗೆ ಬಂದ ಬುದ್ಧಿಮಾತಿಗೆ ಲೆಕ್ಕವಿಲ್ಲ.

“ಯಾನ ಕುಸ, ನಿಮ್ ಬೆಕ್ಕು ಬಸ್ರಿ ಆಗದ ಕನ.”

“ಇಲ್ಲ ದೊಡ್ಡವ್ವ, ತಿಂದು ದಪ್ಪ ಆಗಿದೆ ಅಷ್ಟೆ.”

“ತಿಂದ ಹೊಟ್ಟ ಬ್ಯಾರ, ಬಸ್ರಿ ಹೊಟ್ಟ ಬ್ಯಾರ. ಮೊಲ ನೋಡು, ಹೆಂಗ ಕೆಂಪಗಾಗವ.”

ಡಾಕ್ಟರೂ ಮೊದಲು ನೋಡುವುದು ಅದನ್ನೇ. ಬಸುರಾದ ಮೂರನೇ ವಾರದ ಹೊತ್ತಿಗೆ ಬೆಕ್ಕಿನ ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತವೆ. ಒಟ್ಟು ಬಸಿರು 63ರಿಂದ 65 ದಿನ, ಹೆಚ್ಚು ಕಡಿಮೆ ಒಂಬತ್ತು ವಾರ. ನಮಗೆ ಒಂಬತ್ತು ತಿಂಗಳು, ಬೆಕ್ಕಿಗೆ ಒಂಬತ್ತು ವಾರ, ರಂಗಪ್ಪ ಲೆಕ್ಕವನ್ನು ಸುಲಭವಾಗಿ ನೆನಪಿರುವ ಹಾಗೆ ಇಟ್ಟಿದ್ದಾನೆ ಅಂತ ದೊಡ್ಡವ್ವ ಬಿಳಿಗಿರಿ ಬೆಟ್ಟದ ದಿಕ್ಕಿಗೆ ಕೈ ಮುಗಿದರು.

ಆಮೇಲೆ ಬಂತು ಅಪ್ಪ ಯಾರು ಅನ್ನುವ ಪ್ರಶ್ನೆ. ಬಳೆಮಂಟಪದ ಕಡೆಯಿಂದ ಒಂದು ಕರೀ ಗಂಡುಬೆಕ್ಕು ಬರುತ್ತಿತ್ತು, ಸಂತೆಯ ಕಡೆಯಿಂದ ಒಂದು ಕೆಂಚ. ಯಾವುದು ಅಂತ ದೊಡ್ಡವ್ವ ತೀರ್ಪು ಕೊಡಲು ಹೊರಟರು. ಎರಡೂ ಇರಬಹುದು ಅಂದೆ. ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದೇ ಗಂಡಿನ ಜೊತೆ ಕೂಡಿದ ಮೇಲೆ. ಬೆದೆಯ ದಿನಗಳಲ್ಲಿ ಹಲವು ಸಲ ಕೂಡುವುದರಿಂದ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದು ಬೆಕ್ಕಿನ ಜಾತಿಯಲ್ಲಿ ಮಾಮೂಲು. ದೊಡ್ಡವ್ವ ಬೀದಿಯ ಕಡೆ ಒಮ್ಮೆ ನೋಡಿ, “ಮೆಲ್ಲಗ ಹೇಳು ಕುಸ, ಯಾರಾರ ಕೇಳ್ಕಂಡರು” ಅಂದರು. ಮಾತು ತಿರುಗಿಸಲೋ ಏನೋ, ಮೂರು ಬಣ್ಣದ ಬೆಕ್ಕು ಯಾವತ್ತೂ ಹೆಣ್ಣೇ ಅನ್ನುವ ಇನ್ನೊಂದು ಶಾಸ್ತ್ರ ತೆಗೆದರು. ಇದು ಬರೀ ನಂಬಿಕೆಯಲ್ಲ. ಕೆಂಪೋ ಕಪ್ಪೋ ಅಂತ ತೀರ್ಮಾನಿಸುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲೆ ಕೂತಿದೆ. ಎರಡೂ ಬಣ್ಣ ಒಟ್ಟಿಗೆ ಬರಬೇಕಾದರೆ ಎರಡು ಎಕ್ಸ್ ಬೇಕು, ಅಂದರೆ ಹೆಣ್ಣೇ ಆಗಬೇಕು. ಅಪರೂಪಕ್ಕೆ ಗಂಡು ಹುಟ್ಟಿದರೂ ಸಾಮಾನ್ಯವಾಗಿ ಅದಕ್ಕೆ ಮರಿ ಹುಟ್ಟಿಸುವ ಶಕ್ತಿ ಇರುವುದಿಲ್ಲ. ನಮ್ಮ ಚುಕ್ಕಿ ಬಿಳಿ, ಕಪ್ಪು, ಕೆಂಪು ಮೂರೂ ಬಳಿದುಕೊಂಡವಳು.

ಮುಂದಿನ ಪ್ರಶ್ನೆ ಹೆರಿಗೆ ಕೋಣೆಯದು. ಒಂದು ರಟ್ಟಿನ ಪೆಟ್ಟಿಗೆ, ಒಳಗೆ ಹಳೆ ಕಾಟನ್ ಸೀರೆಯ ತುಂಡು, ಬೆಕ್ಕು ದಾಟುವಷ್ಟು ಎತ್ತರಕ್ಕೆ ಒಂದು ಬದಿ ಕತ್ತರಿಸಿದ್ದು, ಇಷ್ಟನ್ನು ಅಡುಗೆಮನೆಯ ಹಿಂದಿನ ಕತ್ತಲೆ ಮೂಲೆಯಲ್ಲಿ ಇಟ್ಟೆ. ಹೆರಿಗೆಗೆ ಒಂದೆರಡು ವಾರ ಮುಂಚೆಯೇ ಇಟ್ಟರೆ ಬೆಕ್ಕು ಮೂಸಿ, ಮಲಗಿ, ತನ್ನದು ಅಂತ ಒಪ್ಪಿಕೊಳ್ಳುತ್ತದೆ. ಬೆಕ್ಕಿನ ಬಿಡಾರ ಬೇರೆ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ನಾವು ಆರಿಸಿದ್ದನ್ನು ಅದು ಒಪ್ಪಲೇಬೇಕು ಅಂತ ಯಾವ ಕಾನೂನೂ ಇಲ್ಲ. ಚುಕ್ಕಿಗೆ ಮೊದಲು ಹಿಡಿಸಿದ್ದು ದೊಡ್ಡವ್ವನ ಮಗನ ರೇಷ್ಮೆ ಹುಳುಮನೆ.

ಕೊಳ್ಳೇಗಾಲ, ಯಳಂದೂರು, ಮಾಂಬಳ್ಳಿ ಅಂದರೆ ರೇಷ್ಮೆ. ಹುಳು ಸಾಕುವವರಿಗೆ ಬೆಕ್ಕಿನ ಮೇಲೆ ಒಂದು ಅಕ್ಕರೆ ಇದ್ದೇ ಇರುತ್ತದೆ, ಏಕೆಂದರೆ ಇಲಿ ಹುಳುವನ್ನೂ ತಿನ್ನುತ್ತದೆ, ಗೂಡನ್ನೂ ಕೊರೆಯುತ್ತದೆ. ಆದರೆ ಆ ಅಕ್ಕರೆ ಬಾಗಿಲಿನ ಹೊರಗೆ ಮಾತ್ರ. ಒಳಗೆ ಚಂದ್ರಿಕೆಯ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಬೆಕ್ಕು ಹೋಗಿ ಮಲಗಿದರೆ ಬೆಳೆ ಹೋದಂತೆ. ಬೆಕ್ಕಿಗೂ ಅದು ಸರಿಯಾದ ಜಾಗವಲ್ಲ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಹುಳುಮನೆಗೆ ಬ್ಲೀಚಿಂಗ್ ಪುಡಿ, ಫಾರ್ಮಾಲಿನ್ ಹೊಡೆದು ರೋಗಾಣು ತೆಗೆಯುತ್ತಾರೆ. ಅದನ್ನು ಉಸಿರಾಡಿ, ಪಂಜಕ್ಕೆ ಮೆತ್ತಿಕೊಂಡು ನೆಕ್ಕಿ, ಹಾಲುಣಿಸುವ ತಾಯಿ ಏನಾದಾಳು? ದೊಡ್ಡವ್ವನ ಮಗ ಬಾಗಿಲು ಹಾಕಿದ, ಚುಕ್ಕಿ ಮೂತಿ ತಿರುಗಿಸಿಕೊಂಡು ಪೆಟ್ಟಿಗೆಗೆ ಬಂದಳು.

ನೋವು ಶುರುವಾದ ದಿನ ಅವಳು ಬೆಳಗಿನಿಂದ ಅನ್ನ ಮುಟ್ಟಲಿಲ್ಲ. ಸೀರೆ ತುಂಡನ್ನು ಕೆರೆದು ಕೆರೆದು ಗುಡ್ಡೆ ಹಾಕಿದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು, ನನ್ನ ಕಾಲಿಗೆ ಸುತ್ತಿ ಕೂಗಿದಳು. ಹೆರಿಗೆಗೆ ಮುಂಚಿನ ಒಂದು ದಿನದೊಳಗೆ ಬೆಕ್ಕಿನ ಮೈ ಬಿಸಿ ಇಳಿಯುತ್ತದೆ. ಸಾಮಾನ್ಯವಾಗಿ 101, 102 ಡಿಗ್ರಿ ಫ್ಯಾರನ್‌ಹೀಟ್ ಇರುವುದು 100ಕ್ಕಿಂತ ಕೆಳಗೆ ಬರುತ್ತದೆ. ಥರ್ಮಾಮೀಟರ್ ಹಾಕಿ ನೋಡಬಹುದು, ಆದರೆ ಬೆಕ್ಕಿಗೆ ಅದನ್ನು ಹಾಕುವ ಜಾಗ ಯಾವುದು ಅಂತ ಹೇಳಿದ ಕೂಡಲೇ ದೊಡ್ಡವ್ವ ಕಂಡಿಯಿಂದ ಹಿಂದೆ ಸರಿದರು. “ನೋವು ತಿನ್ತಾ ಇರದ ಯಾಕವ್ವ ಹಿಂಸ ಮಾಡೀಯ? ಅದ್ರ ಮಖ ನೋಡುದ್ರ ಗೊತ್ತಾಯ್ತದ.” ಇದನ್ನೂ ಒಪ್ಪಿದೆ. ಹೆದರಿದ ಬೆಕ್ಕಿನ ಹೆರಿಗೆ ನಿಂತೇ ಹೋಗಬಹುದು, ಜ್ವರ ನೋಡುವ ಚಪಲಕ್ಕೆ ಅದನ್ನು ಹೆದರಿಸುವುದರಲ್ಲಿ ಲಾಭವಿಲ್ಲ.

ಸಂಜೆ ದೊಡ್ಡವ್ವ ಬೀದಿ ಸುತ್ತಿಕೊಂಡು ನಮ್ಮ ಮನೆಗೇ ಬಂದರು. ಅವರ ಹಿಂದೆ ಇನ್ನಿಬ್ಬರು ಬಂದರು. ಹಿಂದಿನ ಕಾಲದಲ್ಲಿ ಇದೇ ಹೆಂಗಸರು ಸೂಲಗಿತ್ತಿಯ ಸುತ್ತ ನಿಂತು ಬಿಸಿನೀರು, ಬಟ್ಟೆ, ಎಣ್ಣೆ ಕೊಡುತ್ತಿದ್ದವರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದಾಗ ನಮ್ಮ ಬೀದಿಯಲ್ಲಿ ಅದು ಮನೆಯ ಸುದ್ದಿಯಂತೆ ಓಡಾಡಿತ್ತು. ಅಂಥವರಿಗೆ ಗೊತ್ತಿದ್ದ ದೊಡ್ಡ ವಿದ್ಯೆ ಯಾವಾಗ ಕೈ ಹಾಕಬೇಕು ಅನ್ನುವುದಕ್ಕಿಂತ ಯಾವಾಗ ಹಾಕಬಾರದು ಅನ್ನುವುದು. ಬೆಕ್ಕಿಗಂತೂ ನೂರಕ್ಕೆ ತೊಂಬತ್ತು ಪಾಲು ಕೆಲಸ ಅದೇ, ದೂರ ಕೂತು ನೋಡುವುದು. ಬಂದ ಮೂವರನ್ನೂ ಹಜಾರದಲ್ಲಿ ಕೂರಿಸಿ ಕಾಫಿ ಕೊಟ್ಟು, ಅಡುಗೆಮನೆಯ ದೀಪ ಆರಿಸಿದೆ.

ಚುಕ್ಕಿ ಬಾಯಿ ತೆರೆದು ಏದುಸಿರು ಬಿಟ್ಟಳು, ನಡುವೆ ಗುರುಗುಟ್ಟಿದಳು. ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ, ಅದು ಸಂತೋಷಕ್ಕೆ ಮಾತ್ರ ಅಂದುಕೊಳ್ಳಬಾರದು. ಆಮೇಲೆ ತಿಣುಕಿದಳು. ಮೊದಲ ಮರಿ ಬಾಲದ ಕಡೆಯಿಂದ ಬಂತು. ಹಜಾರದಿಂದ ಇಣುಕುತ್ತಿದ್ದ ದೊಡ್ಡವ್ವ, “ಅಯ್ಯೋ ಮಾದಪ್ಪ, ಕಾಲು ಮುಂದಾಗಿ ಬತ್ತಾ ಅದ” ಅಂತ ಎದೆ ಹಿಡಿದುಕೊಂಡರು. ಮನುಷ್ಯರಲ್ಲಿ ಅದು ಗಾಬರಿಯ ವಿಷಯ. ಬೆಕ್ಕಿನ ಮರಿಗಳು ತಲೆ ಮುಂದಾಗಿಯೂ ಬರುತ್ತವೆ, ಹಿಂಗಾಲು ಮುಂದಾಗಿಯೂ ಬರುತ್ತವೆ, ಎರಡೂ ಸರಿಯೇ. ಪೊರೆಯ ಚೀಲದಲ್ಲಿ ಸುತ್ತಿಕೊಂಡು ಬಂದ ಮರಿಯನ್ನು ತಾಯಿ ನೆಕ್ಕಿ ಪೊರೆ ಹರಿದು, ಹೊಕ್ಕುಳಬಳ್ಳಿ ಕಡಿದು, ಅದು ಕೀಂ ಅನ್ನುವವರೆಗೆ ಒರಟಾಗಿಯೇ ನೆಕ್ಕಿದಳು. ಆ ಒರಟುತನದಲ್ಲೇ ಮರಿಗೆ ಉಸಿರು ಬರುವುದು.

ತಾಯಿ ಸುಸ್ತಾಗಿಯೋ, ಇನ್ನೊಂದು ಮರಿ ಬೆನ್ನಿಗೇ ಬಂದೋ ನೆಕ್ಕದಿದ್ದರೆ ಮಾತ್ರ ನಮ್ಮ ಕೈಗೆ ಕೆಲಸ. ಮುಖದ ಮೇಲಿನ ಪೊರೆಯನ್ನು ಬೆರಳಿನಿಂದ ಹರಿದು, ಮೂಗು ಬಾಯಿ ಒರೆಸಿ, ಒಣಗಿದ ಬಟ್ಟೆಯಲ್ಲಿ ಹಿಡಿದು ಬೆನ್ನು ಚೆನ್ನಾಗಿ ಉಜ್ಜಬೇಕು. ತಲೆಕೆಳಗು ಮಾಡಿ ಬೀಸಬಾರದು. ಬಳ್ಳಿ ಕಡಿಯದಿದ್ದರೆ ಮರಿಯ ಹೊಟ್ಟೆಯಿಂದ ಒಂದು ಅಂಗುಲ ಬಿಟ್ಟು ದಾರದಿಂದ ಕಟ್ಟಿ, ಕುದಿಸಿದ ಕತ್ತರಿಯಿಂದ ಗಂಟಿನ ಆಚೆಗೆ ಕತ್ತರಿಸಿ, ತುದಿಗೆ ಅಯೋಡಿನ್ ಮುಟ್ಟಿಸಬೇಕು. ಒಳಗೆ ಉಳಿದ ಮಾಸನ್ನು ಎಳೆಯಲೇಬಾರದು.

ಮಾಸಿನ ವಿಷಯಕ್ಕೆ ಬಂದಾಗ ಹಜಾರದಲ್ಲಿ ಒಂದು ಗಲಾಟೆಯೇ ಆಯಿತು. ಚುಕ್ಕಿ ಅದನ್ನು ತಿಂದಳು. ಹಸು ಕರು ಹಾಕಿದರೆ ನಮ್ಮಲ್ಲಿ ರಾತ್ರಿಯೆಲ್ಲ ಕಾವಲು ಕೂತು, ಬಿದ್ದ ಮಾಸನ್ನು ಹಸು ಮುಟ್ಟುವ ಮುಂಚೆ ಎತ್ತಿ, ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಾರೆ. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಹಸುವೂ ಹಾಗೇ ಹಾಲು ಕೊಡುತ್ತದೆ ಅಂತ. ಬೆಕ್ಕಿನದನ್ನು ಯಾವ ಮರಕ್ಕೆ ಕಟ್ಟುವುದು ಅನ್ನುವ ಚರ್ಚೆ ಮುಗಿಯುವುದರೊಳಗೆ ಅದು ಮುಗಿದಿತ್ತು. ಬೆಕ್ಕಿಗೆ ಅದು ಸಹಜ. ಕಾಡಿನಲ್ಲಿ ವಾಸನೆ ಹಿಡಿದು ಶತ್ರು ಬರಬಾರದಲ್ಲ. ಎಲ್ಲವನ್ನೂ ತಿಂದರೆ ಒಂದಿಷ್ಟು ಹೊಟ್ಟೆ ಕೆಡಬಹುದು, ಅಷ್ಟೆ. ನಾವು ಮಾಡಬೇಕಾದ್ದು ಎಣಿಕೆ. ಮರಿಗೊಂದು ಮಾಸು ಬಿತ್ತೇ ಅಂತ ನೋಡಿಕೊಂಡರೆ, ಒಳಗೆ ಉಳಿದು ನಂಜಾಗುವ ಭಯ ತಪ್ಪುತ್ತದೆ.

ಮರಿ ಮರಿಯ ನಡುವೆ ಹತ್ತು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಕೆಲವು ಬೆಕ್ಕುಗಳು ಅರ್ಧ ಹೆತ್ತು, ಆರಾಮವಾಗಿ ಮಲಗಿ, ಇರುವ ಮರಿಗಳಿಗೆ ಹಾಲು ಕೊಟ್ಟು, ಎಷ್ಟೋ ಹೊತ್ತಿನ ಮೇಲೆ ಉಳಿದದ್ದನ್ನು ಹೆರುತ್ತವೆ. ತಾಯಿ ನೆಮ್ಮದಿಯಾಗಿದ್ದರೆ ಅದಕ್ಕೂ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಬೇರೆ. ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಬಾರದಿರುವುದು, ಅರ್ಧ ಹೊರಗೆ ಬಂದು ಸಿಕ್ಕಿಕೊಳ್ಳುವುದು, ಒಂದು ಮರಿಯೂ ಬರುವ ಮುಂಚೆ ಹಸಿರು ಕಪ್ಪಿನ ನೀರು ಹೋಗುವುದು, ಕೆಂಪು ರಕ್ತ ನಿಲ್ಲದೆ ಸುರಿಯುವುದು, ತಾಯಿ ನಿತ್ರಾಣವಾಗಿ ತಲೆ ಎತ್ತದಿರುವುದು. ಇವುಗಳಲ್ಲಿ ಒಂದು ಕಂಡರೂ ಮಾತಿಲ್ಲದೆ ಡಾಕ್ಟರ ಹತ್ತಿರ. ನಮ್ಮಂಥ ಊರಿನಲ್ಲಿ ಪಶು ಆಸ್ಪತ್ರೆ ಅಂದರೆ ಹೆಚ್ಚಾಗಿ ದನ, ಎಮ್ಮೆ, ಕುರಿಯ ಲೋಕ. ಬೆಕ್ಕಿಗೆ ಸಿಸೇರಿಯನ್ ಮಾಡುವ ಕ್ಲಿನಿಕ್ಕು ಹುಡುಕಿದರೆ ಮೈಸೂರು, 60 ಕಿಲೋಮೀಟರಿಗೂ ಹೆಚ್ಚು. ಆದ್ದರಿಂದ ಡಾಕ್ಟರ ನಂಬರು, ಸಂಚಾರಿ ಪಶು ಚಿಕಿತ್ಸೆಯ 1962, ರಾತ್ರಿ ಬರುವ ಒಬ್ಬ ಆಟೋದವನ ನಂಬರು, ಮೂರನ್ನೂ ಮೊದಲೇ ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ನಮಗೆ ಅವು ಬೇಕಾಗಲಿಲ್ಲ. ರಾತ್ರಿ ಊಟದ ಹೊತ್ತಿಗೆ ನಾಲ್ಕು ಮರಿ. ಒಂದು ಕರಿ, ಒಂದು ಕೆಂಚು, ಎರಡು ತಾಯಿಯಂತೆ ಮೂರು ಬಣ್ಣ. ದೊಡ್ಡವ್ವ ಕರಿಯದನ್ನೂ ಕೆಂಚನ್ನೂ ನೋಡಿ, ನನ್ನನ್ನು ನೋಡಿ, ಏನೂ ಅನ್ನಲಿಲ್ಲ.

ನಾಲ್ಕು ಅಂದರೆ ಸಾಧಾರಣ. 1970ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಒಂದು ಬರ್ಮೀಸ್ ಬೆಕ್ಕು ಒಂದೇ ಸೂಲಿಗೆ 19 ಮರಿ ಹಾಕಿ, 15 ಬದುಕಿದ್ದವು ಅಂತ ದಾಖಲೆ ಇದೆ. ಇದನ್ನು ಹೇಳಿದಾಗ ಹಜಾರದ ಮೂವರೂ ಮರಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ, ಆ ತಾಯಿಗೆ ಬಾಣಂತನ ಮಾಡಿದವರು ಯಾರು ಅಂತ ಕೇಳಿದರು.

ಮಾರನೆಯ ಬೆಳಗ್ಗೆಯಿಂದ ಬೇಲಿಯ ಕಂಡಿಯಲ್ಲಿ ಬಾಣಂತನದ ಸಾಮಾನು ಬರಲು ಶುರುವಾಯಿತು. ಮೊದಲು ಬಂದದ್ದು ಬೆಳ್ಳುಳ್ಳಿ, ಮೆಣಸು ಅರೆದ ಖಾರ. “ಒಂಚೂರು ಅನ್ನಕ್ಕ ಕಲಸಿ ತಿನ್ನಿಸು, ಹಾಲು ಇಳೀತದ, ಶೀತ ಆಗಲ್ಲ.” ಹೆಣ್ಣುಮಕ್ಕಳಿಗೆ ಸರಿ, ಬೆಕ್ಕಿಗೆ ಬೆಳ್ಳುಳ್ಳಿಯೂ ಈರುಳ್ಳಿಯೂ ವಿಷ. ಅವು ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆದುಹಾಕುತ್ತವೆ. ಎರಡನೆಯದು ಚೊಂಬು ತುಂಬ ಹಸುವಿನ ಹಾಲು. ಬೆಕ್ಕು ಹಾಲು ಕುಡಿಯುವುದನ್ನು ಚಿಕ್ಕಂದಿನಿಂದಲೂ ಕೇಳಿಕೊಂಡು ಬಂದಿದ್ದೇವೆ, ಆದರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಅರಗುವುದಿಲ್ಲ, ಭೇದಿಯಾಗುತ್ತದೆ. ಹಾಲುಣಿಸುವ ತಾಯಿಗೆ ಭೇದಿಯಾದರೆ ಮರಿಗಳಿಗೆ ಹಾಲೆಲ್ಲಿಂದ ಬರಬೇಕು? ಮೂರನೆಯದು ಮೈ ನೋವಿಗೆ ಅಂತ ಅರ್ಧ ಪ್ಯಾರಾಸಿಟಮಾಲ್. ಅದನ್ನು ಕೈಯಿಂದ ಕಿತ್ತುಕೊಳ್ಳಬೇಕಾಯಿತು. ಮನುಷ್ಯರ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು, ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ನೆಲ ಒರೆಸುವ ಫಿನಾಯಿಲ್, ಗಾಯಕ್ಕೆ ಹಚ್ಚುವ ಡೆಟಾಲ್ ಕೂಡ ಇದೇ ಕಾರಣಕ್ಕೆ ಬೆಕ್ಕಿನ ಪೆಟ್ಟಿಗೆಯ ಹತ್ತಿರ ಸುಳಿಯಬಾರದು.

ಹಾಗಾದರೆ ದೊಡ್ಡವ್ವನ ಶಾಸ್ತ್ರವೆಲ್ಲ ಸುಳ್ಳೇ? ಅಲ್ಲವೇ ಅಲ್ಲ. ಬಾಣಂತಿಯನ್ನು ಗಾಳಿಗೆ ಬಿಡಬಾರದು ಅಂದರು. ಹುಟ್ಟಿದ ಮರಿಗೆ ಮೊದಲ ವಾರಗಳಲ್ಲಿ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ, ತಣ್ಣಗಾದ ಮರಿಗೆ ಹಾಲು ಅರಗುವುದೂ ಇಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಟ್ಟೆ. ಒಂದೇ ಬದಿಗೆ ಯಾಕೆ ಅಂದರೆ ಸೆಕೆಯಾದರೆ ಇನ್ನೊಂದು ಬದಿಗೆ ಸರಿಯಲು ಜಾಗ ಬೇಕು. ಬಾಣಂತಿ ಕೋಣೆ ಕತ್ತಲೆಯಾಗಿರಬೇಕು ಅಂದರು. ಬೆಕ್ಕೂ ಅದನ್ನೇ ಕೇಳುತ್ತದೆ. ಹತ್ತು ದಿನ ಪರರು ಮುಟ್ಟಬಾರದು, ಸೂತಕ ಅಂದರು; ಬೀದಿಯ ಮಕ್ಕಳನ್ನು ದೂರ ಇಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಹೊಳೆಯುತ್ತಿರಲಿಲ್ಲ. ಇಡೀ ಶಾಸ್ತ್ರವನ್ನು ಎರಡು ಪಾಲು ಮಾಡಿದರೆ ಸಾಕು. ಬಾಣಂತಿಯನ್ನು ಹೇಗೆ ಇಡಬೇಕು ಅನ್ನುವ ಪಾಲು ಬೆಕ್ಕಿಗೂ ಚಾಚೂ ತಪ್ಪದೆ ಒಪ್ಪುತ್ತದೆ. ಏನು ತಿನ್ನಿಸಬೇಕು ಅನ್ನುವ ಪಾಲನ್ನು ಬೇಲಿಯಾಚೆಗೇ ವಾಪಸ್ಸು ಕಳಿಸಬೇಕು. ಸಾಂಬ್ರಾಣಿ ಹೊಗೆ ಮಾತ್ರ ಇಡುವ ಪಾಲಿಗೆ ಸೇರಿದ್ದಾದರೂ ವಾಪಸ್ಸು ಹೋಯಿತು, ಎಳೆ ಮರಿಗಳ ಎದೆಗೆ ಹೊಗೆ ಆಗದು.

ತಿನ್ನಿಸುವುದೇ ಆದರೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು, ಮೊಟ್ಟೆ, ಅಂಗಡಿಯಲ್ಲಿ ಸಿಗುವ ಮರಿಬೆಕ್ಕಿನ ಆಹಾರ. ಹಾಲುಣಿಸುವ ತಾಯಿ ಮಾಮೂಲಿಗಿಂತ ಎರಡು ಮೂರು ಪಟ್ಟು ತಿನ್ನುತ್ತಾಳೆ, ದಿನಕ್ಕೆ ನಾಲ್ಕೈದು ಸಲ ತಟ್ಟೆ ತುಂಬಬೇಕು, ಪಕ್ಕದಲ್ಲೇ ನೀರು. ಈ ಪಟ್ಟಿ ಕೇಳಿ ದೊಡ್ಡವ್ವ, “ನನ್ ಸೊಸ ಬಾಣ್ತಿ ಆಗಿದ್ದಾಗ ಬರೀ ಸಬ್ಬಸಿಗೆ ಸೊಪ್ಪಿನ ಸಾರು ಹಾಕುದ್ವಿ, ನಿನ್ ಬೆಕ್ಕಿಗ ಕೋಳಿಯ?” ಅಂದರು. ಒಳಗಿನಿಂದ ಸೊಸೆ, “ನನಗೂ ಈಗ ಗೊತ್ತಾಯ್ತು ಅತ್ತೆ” ಅಂದಳು. ಆ ಮಾತು ಅಲ್ಲಿಗೆ ನಿಂತಿತು.

ತಾಯಿಯಲ್ಲಿ ನೋಡುತ್ತಿರಬೇಕಾದ್ದು ಮೂರು. ಮೊಲೆ ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ಕೂಗುವುದು. ವಾಸನೆಯ ಕೀವು ಹೋಗುವುದು. ಮೈ ನಡುಗಿ, ಕಾಲು ಸೆಟೆದು, ತೂರಾಡುವುದು. ಕೊನೆಯದು ರಕ್ತದಲ್ಲಿ ಸುಣ್ಣದ ಅಂಶ ಕುಸಿದಾಗ ಬರುವುದು. ಹಾಲು ಹೆಚ್ಚು ಕೊಡುವ ಹಸುವಿಗೆ ಕರು ಹಾಕಿದ ಮೇಲೆ ಬರುವ ಹಾಲು ಜ್ವರದ ಮೂಲವೂ ಇದೇ. ದನದ ಡಾಕ್ಟರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಆದರೆ ತಡ ಮಾಡಬಾರದು.

ಮರಿಗಳಲ್ಲಿ ನೋಡಬೇಕಾದ್ದು ಒಂದೇ, ತೂಕ. ಹುಟ್ಟಿದಾಗ ಸುಮಾರು 100 ಗ್ರಾಂ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಎರಡನೇ ವಾರದ ಹೊತ್ತಿಗೆ ಹುಟ್ಟಿದ್ದಕ್ಕೆ ಎರಡರಷ್ಟು. ದೊಡ್ಡವ್ವನ ಮಗ ಡಿಜಿಟಲ್ ತಕ್ಕಡಿ ತಂದುಕೊಟ್ಟ. ತೂಕ ನಿಂತ ಮರಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸೊರಗುತ್ತಿರುತ್ತದೆ, ಅದನ್ನು ಹಾಲು ಹೆಚ್ಚಿರುವ ಮೊಲೆಗೆ ಸರಿಸಿ ಕೊಡಬೇಕು. ಮೊದಲ ದಿನದ ಗಿಣ್ಣುಹಾಲಂತೂ ಬಿಡಲೇಬಾರದು, ರೋಗ ತಡೆಯುವ ಶಕ್ತಿ ಮರಿಯ ಕರುಳಿಗೆ ಇಳಿಯುವುದು ಮೊದಲ 16, 18 ಗಂಟೆಗಳಲ್ಲಿ ಮಾತ್ರ. ತಾಯಿ ಇಲ್ಲದ ಮರಿ ಸಿಕ್ಕಿದರೆ ಹಸುವಿನ ಹಾಲು ಹಾಕದೆ, ಔಷಧಿ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವ ಬೆಕ್ಕಿನ ಮರಿಯ ಹಾಲಿನ ಪುಡಿ ತರಿಸಬೇಕು. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಹೊಟ್ಟೆ ಕೆಳಗಾಗಿಯೇ ಕುಡಿಸಬೇಕು. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕುವುದು ಅದಕ್ಕೇ, ಒರೆಸದಿದ್ದರೆ ಎಳೆ ಮರಿಗೆ ಉಚ್ಚೆಯೂ ಬಾರದು.

ಆರನೆಯ ದಿನ ದೊಡ್ಡವ್ವ ಒಂದು ಚಿಟಿಕೆ ಅರಿಶಿನ ಕುಂಕುಮ ತಂದರು, ಪೆಟ್ಟಿಗೆಗೆ ಇಡಲು. ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠಿ ದೇವಿಯ ವಾಹನವೇ ಬೆಕ್ಕು ಅಂತ ಅವರಿಗೆ ಹೇಳಿದೆ. ಒಬ್ಬ ಕಿರಿಸೊಸೆ ಅಡುಗೆಮನೆಯ ತಿಂಡಿ ಕದ್ದು ತಿಂದು, ಬೆಕ್ಕು ತಿಂತು ಅಂತ ಸುಳ್ಳು ಹೇಳುತ್ತಿದ್ದಳಂತೆ. ಸಿಟ್ಟಾದ ಬೆಕ್ಕು ಅವಳು ಹೆತ್ತ ಮಕ್ಕಳನ್ನೆಲ್ಲ ದೇವಿಯ ಹತ್ತಿರ ಹೊತ್ತುಕೊಂಡು ಹೋಯಿತಂತೆ. ದೊಡ್ಡವ್ವ ಸ್ವಲ್ಪ ಹೊತ್ತು ಯೋಚಿಸಿ, ಹೋದ ವರ್ಷ ಕೆನೆ ಕಾಣೆಯಾದದ್ದನ್ನು ಚುಕ್ಕಿಯ ತಲೆಗೆ ಕಟ್ಟಿದ್ದು ತಮ್ಮ ಮಗನೇ ಅಂತ ಅಲ್ಲೇ ಸ್ಪಷ್ಟ ಮಾಡಿದರು, ಪೆಟ್ಟಿಗೆಯ ಕಡೆಗೆ ಮುಖ ಮಾಡಿ.

ಅರಿಶಿನ ಇಟ್ಟರೂ ಚುಕ್ಕಿ ಮರಿಗಳನ್ನು ಕಚ್ಚಿಕೊಂಡು ಬೀರುವಿನ ಹಿಂದಕ್ಕೆ ಹೋದಳು. ಅಲ್ಲಿಂದ ಅಟ್ಟಕ್ಕೆ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುವುದು ನಮ್ಮ ಕಡೆಯ ಮಾತು. ದೊಡ್ಡವ್ವನಿಗೆ ಅದು ದೃಷ್ಟಿ ತಾಗುವ ಭಯ. ಚುಕ್ಕಿಯ ಲೆಕ್ಕ ಸರಳ: ಹಾಸು ಒದ್ದೆಯಾಗಿದೆ, ಜನ ಬಹಳ ಇಣುಕುತ್ತಾರೆ, ಕರೀ ಗಂಡು ಕಿಟಕಿಯಲ್ಲಿ ಕಾಣಿಸಿಕೊಂಡಿದೆ. ಗಂಡುಬೆಕ್ಕು ಎಳೆ ಮರಿಗಳನ್ನು ಕೊಲ್ಲುವುದು ಉಂಟು. ಬಿಳಿಗಿರಿರಂಗನ ಬೆಟ್ಟದ ಕಾಡಿನ ಹೆಣ್ಣುಹುಲಿಯೂ ಇದೇ ಭಯಕ್ಕೆ ಮರಿಗಳನ್ನು ಹೀಗೇ ಕುತ್ತಿಗೆ ಕಚ್ಚಿ ಪೊದೆಯಿಂದ ಪೊದೆಗೆ ಸಾಗಿಸುತ್ತದೆ. ಬೆಕ್ಕು ಹುಲಿಗೆ ವಿದ್ಯೆಯೆಲ್ಲ ಕಲಿಸಿ ಮರ ಹತ್ತುವುದೊಂದನ್ನು ಉಳಿಸಿಕೊಂಡ ಕಥೆ ಗೊತ್ತಲ್ಲ, ಬಾಣಂತನವನ್ನೂ ಕಲಿಸಿರಬೇಕು. “ಹಂಗಾದ್ರ ನಮ್ ಮಾದಪ್ಪನ ಹುಲಿಗೂ ಇವ್ಳೇ ದೊಡ್ಡವ್ವ” ಅಂದರು ದೊಡ್ಡವ್ವ. ಹಾಸು ಬದಲಿಸಿ, ಕಿಟಕಿ ಮುಚ್ಚಿ, ಇಣುಕುವವರನ್ನು ಕಡಿಮೆ ಮಾಡಿದ ಮೇಲೆ ಅಟ್ಟದಿಂದ ಅವಳಾಗಿಯೇ ಇಳಿದು ಬಂದಳು.

ಇನ್ನು ಕಣ್ಣು. ಏಳರಿಂದ ಹದಿನಾಲ್ಕು ದಿನದ ಒಳಗೆ ಬಿಡುತ್ತವೆ, ಎಲ್ಲ ಮರಿಗಳದ್ದೂ ಮೊದಲು ನೀಲಿ. ಕಣ್ಣು ಬಿಡುವ ಮುಂಚೆಯೇ ಬೀದಿಯವರು ಗಂಡುಮರಿಗಳನ್ನು ಗುರುತು ಮಾಡಿ ಇಟ್ಟರು. ಕರಿಯದು ಒಬ್ಬರಿಗೆ, ಕೆಂಚು ಇನ್ನೊಬ್ಬರಿಗೆ. ಮೂರು ಬಣ್ಣದ ಎರಡನ್ನು ಯಾರೂ ಕೇಳಲಿಲ್ಲ. ಹೆಣ್ಣು ಅಂದರೆ ಮತ್ತೆ ಮರಿ. ಗೋಣಿಚೀಲದಲ್ಲಿ ಕಟ್ಟಿ ಸುವರ್ಣಾವತಿಯ ಸೇತುವೆ ಹತ್ತಿರವೋ ಸಂತೆಮಾಳದಲ್ಲೋ ಬಿಟ್ಟು ಬರುವ ಮರಿಗಳು ಹೆಚ್ಚಾಗಿ ಹೆಣ್ಣೇ. ಇದೇ ಯಳಂದೂರಿನ ಹೆಣ್ಣು ಸಂಚಿ ಹೊನ್ನಮ್ಮ 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಕೂತು, ಪತಿವ್ರತೆಯ ಧರ್ಮ ಹೇಳುವ ‘ಹದಿಬದೆಯ ಧರ್ಮ’ದ ನಡುವೆಯೇ, ಹೆಣ್ಣೆಂದು ಹಳಿಯುವವರನ್ನು ನಿಮ್ಮನ್ನು ಹೆತ್ತವಳು ಯಾರು ಅಂತ ತರಾಟೆಗೆ ತೆಗೆದುಕೊಂಡಳು. ಮುನ್ನೂರು ವರ್ಷಕ್ಕೂ ಮೇಲಾಯಿತು. ಅವಳ ಊರಿನಲ್ಲಿ ಬೆಕ್ಕಿಗೂ ಆ ಮಾತು ಇನ್ನೂ ಬೇಕಾಗಿದೆ.

ಬಾಯಿಮಾತಿನಲ್ಲಿ ಮುಗಿಯುವ ವಿಷಯವೂ ಇದಲ್ಲ. ಹಾಲುಣಿಸುತ್ತಿರುವಾಗಲೇ ಬೆಕ್ಕು ಮತ್ತೆ ಬಸುರಾಗಬಹುದು, ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಅದಕ್ಕೆ ಇರುವ ದಾರಿ ಒಂದೇ, ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಆಪರೇಷನ್, ಅಲ್ಲಿಯವರೆಗೆ ಬಾಗಿಲು ಭದ್ರ. ಇದನ್ನು ಹೇಳುವಾಗ ದೊಡ್ಡವ್ವ ಪಾಪ ಪುಣ್ಯ ತೆಗೆಯುತ್ತಾರೆ ಅಂತ ತಯಾರಾಗಿ ನಿಂತಿದ್ದೆ.

“ಮಾಡ್ಸು ಮಾಡ್ಸು. ನಾನು ಮೂರಾದ್ಮೇಲ ಕ್ಯಾಂಪ್ನಲ್ಲಿ ಮಾಡ್ಸ್ಕಂಡಿಲ್ವ? ಅತ್ತಗ ಹೇಳ್ದೇ ಹೋಗಿದ್ದಿ.”

ಆ ಧೈರ್ಯದಲ್ಲಿ ಅವರಿಗೆ ಇನ್ನೊಂದು ಕಥೆ ಹೇಳಿದೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ 10ನೇ ಶತಮಾನದ ಹವೆಲ್ ಎಂಬ ರಾಜನ ಹೆಸರಿನ ಕಾನೂನಿನಲ್ಲಿ ಬೆಕ್ಕಿಗೂ ಬೆಲೆ ಕಟ್ಟಿದ್ದಾರೆ. ಹುಟ್ಟಿದ ರಾತ್ರಿಯಿಂದ ಕಣ್ಣು ಬಿಡುವವರೆಗೆ ಒಂದು ಪೆನ್ನಿ, ಅಲ್ಲಿಂದ ಇಲಿ ಹಿಡಿಯುವವರೆಗೆ ಎರಡು, ಇಲಿ ಹಿಡಿದ ಮೇಲೆ ನಾಲ್ಕು. ಮಾರುವವನು ಖಾತ್ರಿಯನ್ನೂ ಕೊಡಬೇಕು. ಬೆಕ್ಕಿಗೆ ಕಣ್ಣು ಕಿವಿ ಸರಿ ಇರಬೇಕು, ಉಗುರು ಪೂರ್ತಿ ಇರಬೇಕು, ಇಲಿ ಕೊಲ್ಲಬೇಕು, ಹೆಣ್ಣಾದರೆ ಮರಿಗಳನ್ನು ತಿನ್ನದೆ ಸಾಕಬೇಕು. ತಪ್ಪಿದರೆ ಬೆಲೆಯ ಮೂರನೇ ಒಂದು ಪಾಲು ವಾಪಸ್ಸು.

ದೊಡ್ಡವ್ವ ಮೂರು ಬಣ್ಣದ ಮರಿಯೊಂದನ್ನು ಬಗ್ಗಿ ನೋಡಿದರು. ಕಣ್ಣು ಇನ್ನೂ ಅಂಟಿಕೊಂಡೇ ಇತ್ತು.

“ಹಂಗಾದ್ರ ಇದು ನಂದು. ಹುಳುಮನ ಬಾಗ್ಲಿಗ ಬೇಕು. ಕಣ್ ಬಿಡಕ್ ಮುಂಚ ಹೇಳಿವ್ನಿ, ಒಂದ್ ಕಾಸಿನ ರೇಟು.”

“ಎಂಟು ವಾರ ತಾಯಿ ಹತ್ತಿರ ಇರಬೇಕು ದೊಡ್ಡವ್ವ. ಆಮೇಲೆ ಆಪರೇಷನ್ನೂ ನಿಮ್ಮ ಖರ್ಚು.”

“ಆಗ್ಲಿ. ಇಲಿ ಹಿಡೀದಿದ್ರ ಮಾತ್ರ ಮೂರ್ನೇ ಒಂದ್ ಪಾಲು ನೀನು ವಾಪಸ್ ಕೊಡ್ಬೇಕು ಕನ, ರಾಜ ಹೇಳವ್ನ.”

“ಒಂದು ಕಾಸಿನಲ್ಲಿ ಮೂರನೇ ಒಂದು ಪಾಲು ಎಷ್ಟು?”

“ಅದ ನೀನೇ ಲೆಕ್ಕ ಹಾಕು. ಓದಿರದು ನೀನು.”